ಖೋಲಿಯಿಂದ ಕಾಟ್‌ವರೆಗೆ: ಮುಂಬಯಿಯಲ್ಲಿ ವಿದ್ಯಾರ್ಥಿಯ ಬಾಡಿಗೆ ಬದುಕು



ಜೂನ್ ತಿಂಗಳು ಬಂತೆಂದರೆ ಮುಂಬಯಿಯಲ್ಲಿ ಮಳೆಯ ಜೊತೆಗೆ ಇನ್ನೊಂದು ಗಡಿಬಿಡಿಯೂ ಶುರುವಾಗುತ್ತದೆ. ಕಾಲೇಜುಗಳ ಪ್ರವೇಶ ಪಟ್ಟಿಗಳು ಹೊರಬೀಳುತ್ತವೆ. ಹುಬ್ಬಳ್ಳಿ, ಬೆಳಗಾವಿ, ಕಲಬುರ್ಗಿ, ಕಾರವಾರ, ಉಡುಪಿ ಕಡೆಯಿಂದ ಮಕ್ಕಳು ಬ್ಯಾಗು ಹಿಡಿದು ಬಂದಿಳಿಯುತ್ತಾರೆ. ಆಗ ಇಲ್ಲಿ ನೆಲೆಸಿರುವ ನಮ್ಮಂಥವರ ಮನೆಗೆ ಊರಿನಿಂದ ಫೋನ್ ಬರುತ್ತದೆ: "ನಿಮ್ಮ ಕಡೆ ಎಲ್ಲಾದರೂ ಹುಡುಗನಿಗೆ ಒಂದು ಕಾಟ್ ಸಿಗಬಹುದಾ, ಸ್ವಲ್ಪ ನೋಡಿ ಮಾರಾಯ್ರೆ." ಮನೆಯಲ್ಲ, ಕೋಣೆಯೂ ಅಲ್ಲ, ಒಂದು ಕಾಟ್. ಈ ಮಹಾನಗರದಲ್ಲಿ ಓದುವ ಹುಡುಗನ ಪಾಲಿಗೆ ಬರುವ ಜಾಗ ಆರಡಿ ಉದ್ದ, ಮೂರಡಿ ಅಗಲ. ಅದಕ್ಕೂ ಡಿಪಾಜಿಟ್, ಅದಕ್ಕೂ ದಲ್ಲಾಳಿ, ಅದಕ್ಕೂ ಹತ್ತಾರು ನಿಯಮ.

ಹೀಗೇಕಾಯಿತು? ಹನ್ನೊಂದು ತಿಂಗಳ ಕರಾರು ಎಲ್ಲಿಂದ ಬಂತು? ದೊಡ್ಡ ಡಿಪಾಜಿಟ್ ಯಾರು ಶುರು ಮಾಡಿದರು? ಮನೆಯ ಮಾಲೀಕನಿಗೆ ಬಾಡಿಗೆಯವನನ್ನು ಕಂಡರೆ ಅಷ್ಟೊಂದು ಅಂಜಿಕೆ ಏಕೆ? ಇವಕ್ಕೆಲ್ಲ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಆ ಕತೆಯನ್ನು ಆಂಟಾಪ್ ಹಿಲ್ ಎಂಬ ಒಂದು ಪ್ರದೇಶವನ್ನು ಎದುರಿಗಿಟ್ಟುಕೊಂಡು ನೋಡೋಣ.

ಗುಡ್ಡದ ಸುತ್ತಮುತ್ತ

ಆಂಟಾಪ್ ಹಿಲ್ ವಡಾಲಾ ಮತ್ತು ಸಾಯನ್ ಕೋಳಿವಾಡಗಳ ನಡುವೆ ಇದೆ. ಹಾರ್ಬರ್ ಲೈನಿನಲ್ಲಿ ಒಂದು ಕಡೆ ವಡಾಲಾ ರೋಡ್, ಇನ್ನೊಂದು ಕಡೆ ಗುರು ತೇಗ್ ಬಹಾದುರ್ ನಗರ. ಹಳಬರ ಬಾಯಲ್ಲಿ ಅದು ಇಂದಿಗೂ ಕೋಳಿವಾಡಾ ಸ್ಟೇಷನ್ನೇ. ದೇಶ ವಿಭಜನೆಯಾದ ಮೇಲೆ ಪಂಜಾಬಿನಿಂದ ಬಂದ ನಿರಾಶ್ರಿತರು ಇಲ್ಲಿ ನೆಲೆಸಿದರು. ಕೇಂದ್ರ ಸರ್ಕಾರದ ನೌಕರರಿಗಾಗಿ ಸೆಕ್ಟರ್ ಸೆಕ್ಟರ್ ಆಗಿ ಎದ್ದ ಸಿ.ಜಿ.ಎಸ್. ಕಾಲೊನಿ ಇಲ್ಲಿದೆ. ಮ್ಹಾಡಾ ಕಟ್ಟಡಗಳಿವೆ, ಜೋಪಡಿಗಳಿವೆ, ಜೋಪಡಿ ಹೋಗಿ ಎದ್ದ ಪುನರ್ವಸತಿ ಕಟ್ಟಡಗಳಿವೆ, ಅವುಗಳ ಪಕ್ಕದಲ್ಲೇ ಹೊಸ ಗೋಪುರಗಳೂ ಇವೆ. 2019ರಲ್ಲಿ ಮೋನೋರೈಲಿನ ಎರಡನೆಯ ಹಂತ ಶುರುವಾದಾಗ ಆಂಟಾಪ್ ಹಿಲ್ ಹೆಸರಿನ ನಿಲ್ದಾಣವೂ ಆಯಿತು.

ವಿದ್ಯಾರ್ಥಿಗಳು ಇಲ್ಲಿಗೇಕೆ ಬರುತ್ತಾರೆ ಎಂಬುದು ನಕಾಶೆ ನೋಡಿದರೆ ತಿಳಿಯುತ್ತದೆ. ಪಕ್ಕದ ಮಾಟುಂಗಾದಲ್ಲಿ ವಿ.ಜೆ.ಟಿ.ಐ. ಇದೆ. 1887ರಲ್ಲಿ ಭಾಯಖಳಾದಲ್ಲಿ ಹುಟ್ಟಿದ ಆ ಸಂಸ್ಥೆ 1923ರಲ್ಲಿ ಮಾಟುಂಗಾಕ್ಕೆ ಬಂತು. ಅದರ ನೆರೆಯಲ್ಲೇ 1933ರಲ್ಲಿ ಸ್ಥಾಪನೆಯಾದ ಯು.ಡಿ.ಸಿ.ಟಿ., ಅಂದರೆ ಈಗಿನ ಐ.ಸಿ.ಟಿ. ಅಲ್ಲೇ ಖಾಲ್ಸಾ, ರುಯಿಯಾ, ಪೋದ್ದಾರ್ ಕಾಲೇಜುಗಳು. ಸಾಯನ್‌ನಲ್ಲಿ ಎಸ್.ಐ.ಇ.ಎಸ್. ಕಾಲೇಜು ಮತ್ತು ಲೋಕಮಾನ್ಯ ತಿಲಕ್ ವೈದ್ಯಕೀಯ ಕಾಲೇಜು. ವಡಾಲಾ ಪೂರ್ವದಲ್ಲಿ ವಿದ್ಯಾಲಂಕಾರ್. ನಮ್ಮವರದೇ ಆದ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿಯ ಶಾಲೆಯೂ ವಡಾಲಾದಲ್ಲೇ. ಮಾಟುಂಗಾದಲ್ಲಿ ಬಾಡಿಗೆ ಕೊಡಲಾಗದವನು ರೈಲು ಹಳಿ ದಾಟಿ ಪೂರ್ವಕ್ಕೆ ನಡೆಯುತ್ತಾನೆ. ನಡೆದರೆ ಸಿಗುವುದು ಆಂಟಾಪ್ ಹಿಲ್.

ಊರಿನಲ್ಲಿ ವಿಶ್ವವಿದ್ಯಾಲಯ ಇಲ್ಲದ ಕಾಲ

ಇಂದಿನ ಹುಡುಗರಿಗೆ ಮುಂಬಯಿ ಒಂದು ಆಯ್ಕೆ. ಒಂದು ಕಾಲಕ್ಕೆ ಅದು ಅನಿವಾರ್ಯವಾಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಅಲ್ಲಿಯ ಕಾಲೇಜುಗಳು 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆದದ್ದೇ 1917ರಲ್ಲಿ. ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1949ರಲ್ಲಿ, ಅದೂ ಮೊದಲು ಮುಂಬಯಿಯಲ್ಲೇ. ಮರುವರ್ಷ ಧಾರವಾಡಕ್ಕೆ ಹೋಯಿತು. ಹುಬ್ಬಳ್ಳಿಗೆ ಎಂಜಿನಿಯರಿಂಗ್ ಕಾಲೇಜು 1947ರಲ್ಲಿ, ವೈದ್ಯಕೀಯ ಕಾಲೇಜು 1957ರಲ್ಲಿ ಬಂತು. ಅದಕ್ಕೆ ಮುಂಚೆ ಡಾಕ್ಟರ್, ಎಂಜಿನಿಯರ್ ಆಗಬೇಕೆಂದವನು ಪುಣೆಗೋ ಮುಂಬಯಿಗೋ ಬರಲೇಬೇಕಿತ್ತು. ಆಲೂರು ವೆಂಕಟರಾಯರು ಕಾನೂನು ಓದಿದ್ದು ಮುಂಬಯಿಯಲ್ಲಿ. ಅಂಕೋಲೆಯ ಕಡೆಯ ದಿನಕರ ದೇಸಾಯಿಯವರು ಸ್ನಾತಕೋತ್ತರ ಪದವಿ ಪಡೆದದ್ದೂ ಇಲ್ಲೇ. ಹನೇಹಳ್ಳಿಯ ಯಶವಂತ ಚಿತ್ತಾಲರು ಮಾಟುಂಗಾದ ಯು.ಡಿ.ಸಿ.ಟಿ.ಯಲ್ಲಿ ಓದಿ ರಸಾಯನ ತಂತ್ರಜ್ಞರಾದರು.

ದಕ್ಷಿಣ ಕನ್ನಡದವರ ದಾರಿ ಬೇರೆ. ಅವರ ಜಿಲ್ಲೆ ಮದ್ರಾಸು ಪ್ರಾಂತದಲ್ಲಿತ್ತು. ಅಲ್ಲಿಯ ಹುಡುಗರು ಬಂದದ್ದು ಹಡಗಿನಲ್ಲಿ, ಓದಲಲ್ಲ, ದುಡಿಯಲು. ಆದರೆ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಗೆ ಹೋದವರು ಇವರಲ್ಲಿ ಸಾವಿರಾರು. ಮೊಗವೀರ, ಬಿಲ್ಲವ, ಬಂಟ ಸಮಾಜದ ಸಂಘಗಳು ನಡೆಸಿದ ಕನ್ನಡ ರಾತ್ರಿಶಾಲೆಗಳು ಮುಂಬಯಿ ಕನ್ನಡಿಗರ ಇತಿಹಾಸದ ದೊಡ್ಡ ಅಧ್ಯಾಯ. ಆ ಹುಡುಗರ ಹಾಸ್ಟೆಲ್ ಯಾವುದು? ಹೋಟೆಲೇ. ಕೊನೆಯ ಗಿರಾಕಿ ಎದ್ದು ಹೋದ ಮೇಲೆ ಮೇಜುಗಳನ್ನು ಜೋಡಿಸಿ ಮಲಗುವುದು, ಬೆಳಗಿನ ಜಾವ ಒಲೆ ಹೊತ್ತಿಸುವ ಮೊದಲು ಏಳುವುದು. ಬಾಡಿಗೆ ಇಲ್ಲ, ಡಿಪಾಜಿಟ್ ಇಲ್ಲ. ಆದರೆ ಕೆಲಸ ಹೋದರೆ ತಲೆಯ ಮೇಲಿನ ಸೂರೂ ಅದೇ ಗಳಿಗೆಯಲ್ಲಿ ಹೋಗುತ್ತಿತ್ತು.

ವಾರಾನ್ನ, ಖಾನಾವಳಿ, ಖೋಲಿ

ನಮ್ಮ ಕಡೆ ಬಡ ವಿದ್ಯಾರ್ಥಿಗೆ ವಾರಾನ್ನ ಎಂಬ ಏರ್ಪಾಡು ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಮುಂಬಯಿಯಲ್ಲಿ ಆ ಜಾಗವನ್ನು ಖಾನಾವಳಿ ತುಂಬಿತು. ಚಾಳಿನ ಒಂದು ಖೋಲಿಯಲ್ಲಿ ಹೆಂಗಸೊಬ್ಬಳು ಅಡುಗೆ ಮಾಡಿ ಗಿರಣಿ ಕೆಲಸಗಾರರಿಗೂ ಒಂಟಿ ಹುಡುಗರಿಗೂ ತಿಂಗಳ ಲೆಕ್ಕದಲ್ಲಿ ಬಡಿಸುತ್ತಿದ್ದಳು. ಇಂಥ ಹೆಂಗಸರನ್ನೇ ಒಗ್ಗೂಡಿಸಿ ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಮಾಟುಂಗಾದಲ್ಲಿ 1942ರಲ್ಲಿ ಶುರುವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನ ಎಲೆ ಊಟ ಉಂಡು ಪರೀಕ್ಷೆ ಬರೆದವರು ಈ ಪುಟ ಓದುತ್ತಿರುವವರಲ್ಲೂ ಇರಬಹುದು.

ಊಟದ ಪ್ರಶ್ನೆ ಹೀಗೆ ಬಗೆಹರಿದರೂ ಮಲಗುವ ಪ್ರಶ್ನೆ ಬಗೆಹರಿಯಲಿಲ್ಲ. 1896ರ ಪ್ಲೇಗಿನ ನಂತರ, 1898ರಲ್ಲಿ, ಸರ್ಕಾರ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿತು. ಬಿ.ಐ.ಟಿ. ಚಾಳುಗಳು, ಆಮೇಲೆ ದಾದರ್, ಮಾಟುಂಗಾ, ಸಾಯನ್ ಕಡೆಯ ಬಡಾವಣೆಗಳು ಆ ಟ್ರಸ್ಟಿನ ಯೋಜನೆಗಳಿಂದ ಬಂದವು. ಆದರೂ ನಗರಕ್ಕೆ ಬರುವವರ ಸಂಖ್ಯೆಗೆ ಮನೆಗಳ ಸಂಖ್ಯೆ ಎಂದೂ ಸಾಟಿಯಾಗಲಿಲ್ಲ. ಪರೇಲಿನ ಚಾಳಿನ ಒಂದೇ ಖೋಲಿಯಲ್ಲಿ ತಂದೆ, ಮಕ್ಕಳು, ಅಡುಗೆ, ಪಾತ್ರೆ ಎಲ್ಲದರ ನಡುವೆ ಓದಿ 1907ರಲ್ಲಿ ಮೆಟ್ರಿಕ್ ಮುಗಿಸಿದ ಹುಡುಗ ಮುಂದೆ ದೇಶದ ಸಂವಿಧಾನ ರೂಪಿಸಿದ ಡಾ. ಅಂಬೇಡ್ಕರ್.

ಅವರ ಬದುಕಿನ ಇನ್ನೊಂದು ಘಟನೆ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. 1917ರಲ್ಲಿ, ವಿದೇಶದಲ್ಲಿ ಓದಿ ಬಂದ ಮೇಲೂ, ಬರೋಡಾದಲ್ಲಿ ಅವರಿಗೆ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ. ಪಾರಸಿ ವಸತಿಗೃಹವೊಂದರಲ್ಲಿ ಪಾರಸಿ ಹೆಸರು ಹೇಳಿಕೊಂಡು ಇದ್ದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದು ಬಂದ ಗುಂಪು ಅವರನ್ನು ಹೊರಹಾಕಿತು. ಅದನ್ನು ಅವರೇ ಬರೆದಿಟ್ಟಿದ್ದಾರೆ. ವಸತಿಯಿಲ್ಲದೆ ವಿದ್ಯೆಯಿಲ್ಲ ಎಂಬುದು ಅವರಿಗೆ ಪುಸ್ತಕದಿಂದ ತಿಳಿದದ್ದಲ್ಲ. ಅವರ ಬಹಿಷ್ಕೃತ ಹಿತಕಾರಿಣಿ ಸಭೆ 1925ರಲ್ಲಿ ಸೊಲ್ಲಾಪುರದಲ್ಲಿ ವಿದ್ಯಾರ್ಥಿನಿಲಯ ತೆರೆಯಿತು. 1929ರಲ್ಲಿ ನಮ್ಮ ಧಾರವಾಡದಲ್ಲೂ ಅವರ ಪ್ರಯತ್ನದಿಂದ ದಲಿತ ಹುಡುಗರಿಗೆ ಹಾಸ್ಟೆಲ್ ಆಯಿತು.

ಬೇರೆ ಸಮಾಜಗಳೂ ತಮ್ಮವರಿಗಾಗಿ ದಾರಿ ಹುಡುಕಿಕೊಂಡವು. ಕೆನರಾದಿಂದ ಬಂದ ಸಾರಸ್ವತರು ಶ್ರೀಪಾದ ಸುಬ್ಬರಾವ್ ತಲ್ಮಕಿಯವರ ಮುಂದಾಳುತನದಲ್ಲಿ 1915ರಲ್ಲಿ ಗಾಮದೇವಿಯಲ್ಲಿ ಸಹಕಾರಿ ಗೃಹ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದೆಂದು ಅದನ್ನು ಹೇಳುತ್ತಾರೆ. ಊರಿನಿಂದ ಬಂದ ಸೋದರಳಿಯ, ಅಣ್ಣನ ಮಗ, ಪಕ್ಕದ ಮನೆಯ ಹುಡುಗ ಇಂಥ ಮನೆಗಳ ವರಾಂಡದಲ್ಲಿ ಹಾಸಿಗೆ ಬಿಚ್ಚಿ ಓದಿದರು. ಜಾತಿ, ಊರು, ಪರಿಚಯ ಇದ್ದವನಿಗೆ ಜಾಗ ಸಿಗುತ್ತಿತ್ತು. ಇಲ್ಲದವನು ಬೀದಿಯಲ್ಲಿ ಉಳಿಯುತ್ತಿದ್ದ. ಹಳೆಯ ಏರ್ಪಾಡಿನ ಒಳ್ಳೆಯದೂ ಕೆಟ್ಟದ್ದೂ ಇದೇ.

ಕಾನೂನು ಹುಟ್ಟಿಸಿದ ಅಂಜಿಕೆ

ಈಗ ಕಾನೂನಿನ ಕತೆಗೆ ಬರೋಣ. ಇಂದಿನ ಹುಡುಗನ ಕಷ್ಟದ ಬೇರು ಇರುವುದು ಇಲ್ಲಿ.

ಮೊದಲ ಮಹಾಯುದ್ಧದ ಕಾಲದಲ್ಲಿ ಬಾಡಿಗೆ ವಿಪರೀತ ಏರಿತು. 1918ರಲ್ಲಿ ಮುಂಬಯಿಗೆ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು. ಎರಡನೆಯ ಯುದ್ಧ ಮುಗಿದ ಮೇಲೆ 1947ರ ಕಾಯ್ದೆ ಬಂತು. ಅದು ಬಾಡಿಗೆಯನ್ನು 1940ರ ಸೆಪ್ಟೆಂಬರ್ ತಿಂಗಳ ಮಟ್ಟಕ್ಕೆ ಕಟ್ಟಿಹಾಕಿತು. ತಾತ್ಕಾಲಿಕ ಎಂದು ಬಂದ ಕಾಯ್ದೆ ಮತ್ತೆ ಮತ್ತೆ ಮುಂದುವರಿದು ಐವತ್ತು ವರ್ಷ ಬಾಳಿತು. ಬಡ ಬಾಡಿಗೆದಾರ ಬೀದಿಪಾಲಾಗದಂತೆ ಕಾಪಾಡಿದ್ದು ಅದರ ಪುಣ್ಯ. ಆದರೆ ರಿಪೇರಿಗೂ ಸಾಲದ ಬಾಡಿಗೆಗೆ ಮನೆ ಕಟ್ಟುವವರು ಇಲ್ಲವಾದರು. ಬಾಡಿಗೆದಾರನನ್ನು ಬಿಡಿಸುವುದು ಅಸಾಧ್ಯವಾಗಿ, ಖೋಲಿ ಕೈ ಬದಲಾಗುವಾಗ ಪಗಡಿ ಎಂಬ ದೊಡ್ಡ ಮೊತ್ತ ಚಲಾವಣೆಗೆ ಬಂತು.

ಮಾಲೀಕರು ಒಂದು ಉಪಾಯ ಕಂಡುಕೊಂಡರು. 1882ರ ಈಸ್‌ಮೆಂಟ್ಸ್ ಕಾಯ್ದೆಯಲ್ಲಿ ಲೈಸೆನ್ಸ್ ಎಂಬ ಕಲ್ಪನೆ ಇದೆ. ಬಾಡಿಗೆದಾರನಿಗೆ ಮನೆಯ ಮೇಲೆ ಹಕ್ಕಿರುತ್ತದೆ, ಲೈಸೆನ್ಸ್ ಪಡೆದವನಿಗೆ ಇರಲು ಅನುಮತಿ ಮಾತ್ರ. ಹೀಗೆ 'ಲೀವ್ ಅಂಡ್ ಲೈಸೆನ್ಸ್' ಹುಟ್ಟಿತು. ಆದರೆ 1973ರ ತಿದ್ದುಪಡಿ, ಆ ವರ್ಷದ ಫೆಬ್ರವರಿ 1ರಂದು ಮನೆಯಲ್ಲಿದ್ದ ಲೈಸೆನ್ಸ್‌ದಾರರನ್ನೂ ಬಾಡಿಗೆದಾರರೆಂದೇ ಪರಿಗಣಿಸಿ ರಕ್ಷಣೆ ಕೊಟ್ಟಿತು. 'ಅನುಮತಿ ಕೊಟ್ಟು ಮನೆ ಕಳೆದುಕೊಂಡೆ' ಎಂಬ ಮಾಲೀಕರ ಅಂಜಿಕೆ ಗಟ್ಟಿಯಾಯಿತು. ಖಾಲಿ ಮನೆಗೆ ಬೀಗ ಹಾಕಿಟ್ಟರೂ ಸರಿ, ಬಾಡಿಗೆಗೆ ಮಾತ್ರ ಬೇಡ ಎಂಬ ಮಾತು ಸಾಮಾನ್ಯವಾಯಿತು.

1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಈ ಕಟ್ಟಿಹಾಕಿದ ಬಾಡಿಗೆ ಈಗ ನ್ಯಾಯಸಮ್ಮತವಲ್ಲ ಎಂದಿತು. ಆ ಮೊಕದ್ದಮೆ ಕಾನೂನು ಪುಸ್ತಕಗಳಲ್ಲಿ ಮಲ್ಪೆ ವಿಶ್ವನಾಥ ಆಚಾರ್ಯ ಎಂಬ ಹೆಸರಿನಿಂದ ಪ್ರಸಿದ್ಧ. ಹೆಸರು ಕೇಳಿದರೇ ನಮ್ಮ ಕರಾವಳಿ ನೆನಪಾಗುತ್ತದೆ. ಅದರ ನಂತರ ಬಂದದ್ದು ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999. ಇದು 2000ದ ಮಾರ್ಚ್ 31ರಿಂದ ಜಾರಿಗೆ ಬಂತು. ಲೈಸೆನ್ಸ್ ಅವಧಿ ಮುಗಿದರೆ ಮನೆ ಬಿಡಲೇಬೇಕು, ಬಿಡದಿದ್ದರೆ ಎರಡು ಪಟ್ಟು ದರದಲ್ಲಿ ನಷ್ಟ ತುಂಬಿಕೊಡಬೇಕು ಎಂದು ಅದು ಸ್ಪಷ್ಟಪಡಿಸಿತು.

ಅಂದರೆ ಮಾಲೀಕನ ಅಂಜಿಕೆಗೆ ಕಾರಣ ತೀರಿ ಎರಡು ದಶಕಕ್ಕೂ ಹೆಚ್ಚಾಯಿತು. ಅಂಜಿಕೆ ಮಾತ್ರ ತೀರಲಿಲ್ಲ. ಅದರ ಬೆಲೆ ತೆರುತ್ತಿರುವವರು ಯಾರು? ಮೂರು ವರ್ಷಕ್ಕೆ ಪದವಿ ಮುಗಿಸಿ ತಾನಾಗಿಯೇ ಹೊರಡುವ ಹುಡುಗ, ಹುಡುಗಿ. ಈ ಊರಿನಲ್ಲಿ ಮನೆ ಹಿಡಿದು ಕೂರುವ ಯೋಚನೆಯೇ ಇಲ್ಲದವರು.

ಇಂದಿನ ಲೆಕ್ಕ

ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ಐದು ಮಂದಿ ಸೇರಿ ತಿಂಗಳಿಗೆ 40,000 ರೂಪಾಯಿಯ ಫ್ಲಾಟ್ ಹಿಡಿದರೆನ್ನಿ. ಡಿಪಾಜಿಟ್ ಒಂದೂವರೆ ಲಕ್ಷ, ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ. ತಲಾ 8,000 ಬಾಡಿಗೆ, 30,000 ಡಿಪಾಜಿಟ್, 8,000 ದಲ್ಲಾಳಿ. ಮೊದಲ ರಾತ್ರಿ ಮಲಗುವ ಮುನ್ನ ಪ್ರತಿಯೊಬ್ಬನೂ 46,000 ರೂಪಾಯಿ ಎಣಿಸಬೇಕು. ಮರುವರ್ಷ ಕರಾರು ಹೊಸದಾದರೆ ದಲ್ಲಾಳಿಯೂ ಮತ್ತೆ ಕೈಯೊಡ್ಡುತ್ತಾನೆ.

ಇದಕ್ಕಿಂತ ದೊಡ್ಡ ತೊಂದರೆ ಕಾಗದದ್ದು. ಕರಾರಿನಲ್ಲಿ ಇರುವುದು ಒಬ್ಬನದೋ ಇಬ್ಬರದೋ ಹೆಸರು. ನಡುವೆ ಒಬ್ಬ ಓದು ಮುಗಿಸಿ ಹೊರಡುತ್ತಾನೆ. ಅವನ ಕಾಟ್‌ಗೆ ಇನ್ನೊಬ್ಬ ಬರುತ್ತಾನೆ. ಹೊಸಬ ತನ್ನ 30,000 ರೂಪಾಯಿ ಕೊಡುವುದು ಮಾಲೀಕನಿಗಲ್ಲ, ಹೊರಡುವ ಹುಡುಗನಿಗೆ. ಮಾಲೀಕನ ಪುಸ್ತಕದಲ್ಲಿ ಹೊಸಬ ಇಲ್ಲವೇ ಇಲ್ಲ. ಹೀಗೆ ಮೂರು ನಾಲ್ಕು ಕೈ ದಾಟಿದ ಮೇಲೆ ಮನೆ ಖಾಲಿ ಮಾಡುವ ದಿನ ಬರುತ್ತದೆ. ಬಣ್ಣಕ್ಕೆ ಇಷ್ಟು, ಒಡೆದ ನಲ್ಲಿಗೆ ಇಷ್ಟು, ಹಳೆಯ ವಿದ್ಯುತ್ ಬಿಲ್ಲಿಗೆ ಇಷ್ಟು ಎಂದು ಡಿಪಾಜಿಟ್ಟಿನಿಂದ ಕಳೆಯುತ್ತಾರೆ. ಹಾಳು ಮಾಡಿದವನು ಯಾರೋ, ಕಳೆದುಕೊಳ್ಳುವವನು ಕೊನೆಯಲ್ಲಿ ಉಳಿದವನು. ಕೋರ್ಟಿಗೆ ಹೋಗಲು ಅವನ ಬಳಿ ಕಾಗದವಿಲ್ಲ. ಇದ್ದರೂ ಕೆಲಸ ಸಿಕ್ಕಿ ಬೇರೆ ಊರಿಗೆ ಹೋದವನು ಧೋಬಿ ತಲಾವಿನ ಸ್ಮಾಲ್ ಕಾಸಸ್ ಕೋರ್ಟಿಗೆ ಎಷ್ಟು ಸಲ ಅಲೆದಾನು?

ಆಂಟಾಪ್ ಹಿಲ್‌ನಂಥ ಕಡೆ ಇನ್ನೊಂದು ಗಂಡಾಂತರವಿದೆ. ಸರ್ಕಾರಿ ಕ್ವಾರ್ಟರ್ಸ್ ಮಂಜೂರಾದ ನೌಕರ ಅದನ್ನು ಬಾಡಿಗೆಗೆ ಕೊಡುವಂತಿಲ್ಲ. ಕೊಟ್ಟರೆ ಮಂಜೂರಾತಿಯೇ ರದ್ದಾಗುತ್ತದೆ. ಪುನರ್ವಸತಿ ಕಟ್ಟಡದ ಮನೆಯನ್ನೂ ಮೊದಲ ಕೆಲವು ವರ್ಷ ಮಾರುವಂತಿಲ್ಲ, ಲೀಸಿಗೆ ಕೊಡುವಂತಿಲ್ಲ. ಆ ಮನೆಗಳ ಅಳತೆಯಾದರೂ ಎಷ್ಟು? ಮೊದಲು 225 ಚದರಡಿ, ಆಮೇಲೆ 269, ಈಗ 300. ಇಂಥ ಜಾಗ ಯಾರಾದರೂ ಕಡಿಮೆ ದರಕ್ಕೆ ಕೊಡುತ್ತೇನೆ, ಕಾಗದಪತ್ರ ಬೇಡ, ಕೇಳಿದರೆ ಸಂಬಂಧಿಕ ಎಂದು ಹೇಳು ಎಂದರೆ ಅಲ್ಲಿಗೇ ಎಚ್ಚರವಾಗಬೇಕು. ತನಿಖೆ ಬಂದ ದಿನ ಸಂಬಂಧಿಕನೂ ಇರುವುದಿಲ್ಲ, ಡಿಪಾಜಿಟ್ಟೂ ಇರುವುದಿಲ್ಲ.

ಪಿ.ಜಿ. ಎಂಬ ಪದಕ್ಕೂ ಒಂದು ಇತಿಹಾಸವಿದೆ. ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಪೇಯಿಂಗ್ ಗೆಸ್ಟ್ ಎಂದರೆ ಮಾಲೀಕ ತಾನೂ ವಾಸವಿರುವ ಮನೆಯ ಒಂದು ಭಾಗದಲ್ಲಿ ಇರಿಸಿಕೊಂಡ ವ್ಯಕ್ತಿ. ಒಂದು ಕಾಲದ ಪಿ.ಜಿ. ಹಾಗೇ ಇತ್ತು. ಮನೆಯ ಹಿರಿಯರ ಕಣ್ಣಳತೆಯಲ್ಲಿ ಒಂದು ಕೋಣೆ, ಮನೆಯದೇ ಊಟ. ಇಂದು ಪಿ.ಜಿ. ಹೆಸರಿನಲ್ಲಿ ನಡೆಯುವ ಅನೇಕ ಕಡೆ ಮಾಲೀಕ ಎಲ್ಲೋ ಇರುತ್ತಾನೆ, ನಡೆಸುವವನು ಇನ್ನೊಬ್ಬ, ಕೋಣೆಗೆ ನಾಲ್ಕೈದು ಕಾಟ್. ಬೋರ್ಡಿನ ಮೇಲಿನ ಪಿ.ಜಿ.ಯೂ ಕಾನೂನಿನ ಪಿ.ಜಿ.ಯೂ ಒಂದೇ ಅಲ್ಲ.

"ನೀವು ಯಾವ ಜನ?"

ಹಣ, ಕಾಗದ ಎರಡೂ ಸರಿಯಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಹೆಸರೇನು, ಅಡ್ಡಹೆಸರೇನು, ಊಟ ಸಸ್ಯಾಹಾರವೋ ಮಾಂಸಾಹಾರವೋ, ಮದುವೆಯಾಗಿದೆಯೋ ಇಲ್ಲವೋ. ಮುಸ್ಲಿಂ ಹುಡುಗನಿಗೆ, ದಲಿತ ಹುಡುಗಿಗೆ, ಈಶಾನ್ಯದಿಂದ ಬಂದವರಿಗೆ 'ಈಗಷ್ಟೇ ಬೇರೆಯವರಿಗೆ ಕೊಟ್ಟೆವು' ಎಂಬ ಉತ್ತರ ಸಿಗುವುದು ನಾವೆಲ್ಲ ಬಲ್ಲ ಸಂಗತಿ. 'ಬ್ಯಾಚಲರ್‌ಗಳಿಗೆ ಇಲ್ಲ' ಎಂಬ ಸೊಸೈಟಿಗಳು ಎಲ್ಲ ಉಪನಗರದಲ್ಲೂ ಇವೆ. ಹುಡುಗಿಯರ ಮೇಲೆ ಇನ್ನೂ ಹೆಚ್ಚು ಕಣ್ಣು. ರಾತ್ರಿ ಎಷ್ಟು ಗಂಟೆಗೆ ಬಂದಳು, ಯಾರು ಬಿಟ್ಟುಹೋದರು ಎಂಬುದರ ಲೆಕ್ಕ ವಾಚ್‌ಮನ್‌ನ ಬಳಿಯೂ ಇರುತ್ತದೆ. ಬರೋಡಾದ 1917ರ ದೊಣ್ಣೆಗಳು ಇಂದು ಕಾಣುವುದಿಲ್ಲ, ನಿಜ. ಪ್ರಶ್ನೆಗಳು ಮಾತ್ರ ಅವೇ.

ಈ ವಿಷಯದಲ್ಲಿ ನಾವು ಕನ್ನಡಿಗರು ಬೇರೆಯವರತ್ತ ಮಾತ್ರ ಬೆರಳು ತೋರಿಸುವಂತಿಲ್ಲ. ನಮ್ಮಲ್ಲೂ ಮನೆಯ ಮಾಲೀಕರಾದವರು ಈಗ ಬಹಳ ಮಂದಿ ಇದ್ದಾರೆ. ಹೋಟೆಲಿನ ಮೇಜಿನ ಮೇಲೆ ಮಲಗಿ ಓದಿದವರ ಮಕ್ಕಳು, ಮೊಮ್ಮಕ್ಕಳು ಇಂದು ಎರಡನೆಯ ಫ್ಲಾಟನ್ನು ಬಾಡಿಗೆಗೆ ಕೊಡುವ ಸ್ಥಿತಿಗೆ ಬಂದಿದ್ದಾರೆ. ಬಾಗಿಲಿಗೆ ಬಂದ ಹುಡುಗನನ್ನು ನಾವು ಏನು ಕೇಳುತ್ತೇವೆ ಎಂದು ಒಮ್ಮೆ ಯೋಚಿಸಿದರೆ ಸಾಕು.

ಬರುವ ಮಕ್ಕಳಿಗೆ ಹೇಳಬೇಕಾದ್ದು

ಊರಿನಿಂದ ಫೋನ್ ಬಂದಾಗ ಕಾಟ್ ಹುಡುಕಿಕೊಡುವುದರ ಜೊತೆಗೆ ಈ ಕೆಲವು ಮಾತುಗಳನ್ನೂ ಹೇಳಿ.

ಕರ್ನಾಟಕದಲ್ಲಿ ಹನ್ನೊಂದು ತಿಂಗಳ ಕರಾರನ್ನು ಛಾಪಾ ಕಾಗದದ ಮೇಲೆ ಬರೆದು ಸುಮ್ಮನಾಗುವ ರೂಢಿ ಇದೆ. ಒಂದು ವರ್ಷಕ್ಕಿಂತ ಹೆಚ್ಚಿನ ಲೀಸನ್ನು ಮಾತ್ರ ನೋಂದಾಯಿಸಬೇಕೆಂಬ ಹಳೆಯ ನಿಯಮದಿಂದ ಬಂದ ರೂಢಿ ಅದು. ಮಹಾರಾಷ್ಟ್ರದಲ್ಲಿ ಹಾಗಲ್ಲ. 1999ರ ಕಾಯ್ದೆಯ 55ನೇ ಕಲಮಿನ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು ಎಷ್ಟೇ ತಿಂಗಳದ್ದಾದರೂ ಬರವಣಿಗೆಯಲ್ಲಿರಬೇಕು, ನೋಂದಣಿಯಾಗಬೇಕು. ನೋಂದಾಯಿಸುವ ಹೊಣೆ ಮಾಲೀಕನದು. ತಪ್ಪಿದರೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಲಿಖಿತ ನೋಂದಾಯಿತ ಕರಾರು ಇಲ್ಲದಿದ್ದರೆ, ಷರತ್ತುಗಳ ಬಗ್ಗೆ ಬಾಡಿಗೆಗಿದ್ದವನು ಹೇಳುವ ಮಾತೇ ನಿಲ್ಲುತ್ತದೆ, ಅದು ಸುಳ್ಳೆಂದು ಸಾಬೀತಾಗುವವರೆಗೆ. ಈ ಒಂದು ಕಲಮು ಗೊತ್ತಿದ್ದರೆ ಹುಡುಗನ ದನಿ ಸ್ವಲ್ಪ ಗಟ್ಟಿಯಾಗುತ್ತದೆ. ಈಗ ಈ ನೋಂದಣಿಯನ್ನು ಮನೆಯಲ್ಲೇ ಕುಳಿತು ಆನ್‌ಲೈನ್ ಮಾಡಬಹುದು.

ಮನೆಯಲ್ಲಿರುವ ಎಲ್ಲರ ಹೆಸರೂ ಕರಾರಿನಲ್ಲಿರಲಿ. ಪೊಲೀಸರಿಗೆ ಬಾಡಿಗೆದಾರರ ಮಾಹಿತಿ ಕೊಡಬೇಕೆಂದು ಮುಂಬಯಿ ಪೊಲೀಸರು ಮಾಲೀಕರಿಗೆ ಆಗಾಗ ಆದೇಶ ಹೊರಡಿಸುತ್ತಾರೆ. ಅದನ್ನು ಕೊಟ್ಟ ರಸೀತಿಯ ಪ್ರತಿ ಇಟ್ಟುಕೊಳ್ಳಿ. ಡಿಪಾಜಿಟ್ ನಗದಾಗಿ ಬೇಡ, ಬ್ಯಾಂಕಿನ ಮೂಲಕ ಮಾಲೀಕನ ಖಾತೆಗೇ ಹೋಗಲಿ. ಒಬ್ಬ ಹೋಗಿ ಇನ್ನೊಬ್ಬ ಬಂದರೆ ಮಾಲೀಕನಿಂದ ಒಂದು ಸಾಲಾದರೂ ಬರೆಸಿಕೊಳ್ಳಿ. ಒಳಹೋಗುವ ದಿನ ಗೋಡೆ, ನಲ್ಲಿ, ಫ್ಯಾನಿನ ಫೋಟೋ ತೆಗೆದಿಡಿ. ಮನೆ ನೋಡದೆ, ಮಾಲೀಕನನ್ನು ಕಾಣದೆ, ಫೋಟೋ ನೋಡಿ ಟೋಕನ್ ಹಣ ಕಳಿಸಬೇಡಿ.

ಸೊಸೈಟಿಯವರು ಬಾಡಿಗೆ ಮನೆಗೆಂದು ಮನಬಂದಂತೆ ಹೆಚ್ಚುವರಿ ಹಣ ಕೇಳುವಂತಿಲ್ಲ. ಸೇವಾ ಶುಲ್ಕದ ಶೇ. 10ಕ್ಕಿಂತ ಹೆಚ್ಚು ವಸೂಲಿ ಮಾಡಬಾರದೆಂದು ರಾಜ್ಯ ಸರ್ಕಾರ 2001ರ ಆಗಸ್ಟಿನಲ್ಲೇ ಆದೇಶಿಸಿದೆ. ಹಾಸ್ಟೆಲ್, ಪಿ.ಜಿ.ಗಳ ಮೇಲಿನ ಜಿ.ಎಸ್.ಟಿ. ಗೊಂದಲಕ್ಕೂ 2024ರಲ್ಲಿ ಉತ್ತರ ಸಿಕ್ಕಿತು. ತಿಂಗಳಿಗೆ ತಲಾ 20,000 ರೂಪಾಯಿವರೆಗಿನ, ಕನಿಷ್ಠ 90 ದಿನ ಸತತವಾಗಿ ಉಳಿಯುವ ವಸತಿಗೆ ತೆರಿಗೆ ಇಲ್ಲ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಡಿಪಾಜಿಟ್ಟನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸುತ್ತದೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನದಾಗಿಸಿಕೊಂಡರಷ್ಟೇ ಕಾನೂನು. ಮುಂಬಯಿಯಲ್ಲಿ ನಡೆಯುವುದು 1999ರ ಕಾಯ್ದೆ.

ಇಷ್ಟೆಲ್ಲ ಆದರೂ ಕೊರತೆ ಇರುವುದು ಮೂಲದಲ್ಲಿ. ಕಾಲೇಜುಗಳು ಸೀಟು ಹೆಚ್ಚಿಸಿದಷ್ಟು ಹಾಸ್ಟೆಲ್ ಹೆಚ್ಚಿಸಲಿಲ್ಲ. ನಮ್ಮ ಹಿರಿಯರ ಸಂಘಗಳು ಒಂದು ಕಾಲಕ್ಕೆ ರಾತ್ರಿಶಾಲೆ ಬೇಕೆಂದು ಕಂಡುಕೊಂಡು ಕಟ್ಟಿದವು. ಇಂದಿನ ಅಗತ್ಯ ರಾತ್ರಿಶಾಲೆಯಲ್ಲ, ಜಾತಿ ಕೇಳದ, ರಸೀತಿ ಕೊಡುವ, ಶುಚಿಯಾದ ವಿದ್ಯಾರ್ಥಿನಿಲಯ. 1926ರಿಂದ ಮಾಟುಂಗಾದ ಮೈಸೂರು ಅಸೋಸಿಯೇಷನ್, 1933ರಿಂದ ಕರ್ನಾಟಕ ಸಂಘ, ಹಾಗೆಯೇ ಊರು ತುಂಬ ಇರುವ ಸಮಾಜದ ಸಂಘಗಳು, ಇಷ್ಟು ಕೈಗಳು ಸೇರಿದರೆ ವಡಾಲಾ, ಸಾಯನ್, ಆಂಟಾಪ್ ಹಿಲ್ ಭಾಗದಲ್ಲಿ ನೂರು ಮಕ್ಕಳಿಗೆ ನೂರು ಕಾಟ್ ಆಗದ ಮಾತಲ್ಲ. ಅಲ್ಲಿಯವರೆಗೆ ನಮ್ಮ ಮನೆಗೆ ಬರುವ ಫೋನಿಗೆ ಉತ್ತರ ಕೊಡುವವರು ನಾವೇ. ಈ ಜೂನಿನಲ್ಲಿ ಫೋನ್ ಬಂದರೆ ಕಾಟ್ ಎಲ್ಲಿದೆ ಎಂದು ಹೇಳಿ, ಕರಾರು ನೋಂದಣಿಯಾಗಿದೆಯೇ ಎಂದೂ ಕೇಳಿ.